ಡಾಲರ್ ಎಲ್ಲಿ ಕೊಂಡರೆ ಒಳ್ಳೆ ರೇಟ್ ಸಿಗುತ್ತದೆ?

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು, ಮೊದಲ ಸಲ ಬ್ಯಾಂಕಾಕಿಗೆ ಹೊರಟ ಆಫೀಸಿನ ಹುಡುಗರು, ಎಲ್ಲರೂ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಎಂ.ಜಿ. ರೋಡಿನಲ್ಲೋ ಜಯನಗರದಲ್ಲೋ ಒಂದು ಅಂಗಡಿಯ ಹೆಸರು ಹೇಳಿದರೆ ಸಾಕು ಅಂತ ಅವರ ಆಸೆ. ನಾನು ಹೆಸರು ಹೇಳುವುದಿಲ್ಲ. ಈ ವಾರ ಕಡಿಮೆಗೆ ಕೊಟ್ಟವರು ಮುಂದಿನ ವಾರ ಹಾಗೇ ಕೊಡುತ್ತಾರೆ ಅಂತೇನಿಲ್ಲ. ಅದಕ್ಕೇ ಹೇಗೆ ಕೇಳಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ಗೂಗಲ್‌ನಲ್ಲಿ ಅವತ್ತಿನ ರೇಟ್ ನೋಡಿ. ಅದು ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ, ಮಾರುವ ರೇಟ್. ನಮಗೆ ಆ ರೇಟಿಗೆ ಸಿಗುವುದಿಲ್ಲ, ಆದರೆ ಅಂಗಡಿಯವರು ಎಷ್ಟು ಸೇರಿಸಿದ್ದಾರೆ ಅಂತ ತಿಳಿಯಲು ಅದೇ ದಾರಿ. ಆಮೇಲೆ ಮೂರು ನಾಲ್ಕು ಕಡೆ ಫೋನ್ ಮಾಡಿ. "ಇವತ್ತು ಡಾಲರ್ ಎಷ್ಟು?" ಅಂತ ಕೇಳಬೇಡಿ. "ನನಗೆ 1,000 ಡಾಲರ್ ನೋಟು ಬೇಕು. ಟ್ಯಾಕ್ಸ್, ಡೆಲಿವರಿ, ಎಲ್ಲಾ ಸೇರಿ ಕೈಯಿಂದ ಎಷ್ಟು ಕೊಡಬೇಕು?" ಅಂತ ಕೇಳಿ. ಸಿಗುವ ಉತ್ತರ ಒಂದೇ ಒಂದು ಮೊತ್ತ ಆಗಿರಬೇಕು.

ಯಾಕೆ ಅಂದರೆ, "ಕಮಿಷನ್ ಇಲ್ಲ" ಅನ್ನುವ ಬೋರ್ಡಿನಿಂದ ಏನೂ ಗೊತ್ತಾಗುವುದಿಲ್ಲ. ಲಾಭ ಇರುವುದು ರೇಟಿನ ಒಳಗೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಮಾರುಕಟ್ಟೆಯಲ್ಲಿ ಡಾಲರಿಗೆ 90 ರೂಪಾಯಿ ಅಂದುಕೊಳ್ಳೋಣ. ಒಬ್ಬರು 91ಕ್ಕೆ ಕೊಟ್ಟರು, ಇನ್ನೊಬ್ಬರು ಕಮಿಷನ್ ಇಲ್ಲದೆ 95ಕ್ಕೆ ಕೊಟ್ಟರು. 1,000 ಡಾಲರಿಗೆ ವ್ಯತ್ಯಾಸ 4,000 ರೂಪಾಯಿ. ಜಿಎಸ್‌ಟಿ ಮಾತ್ರ ಎಲ್ಲ ಕಡೆ ಇದೆ, ಅದು ಸಣ್ಣದು. ಒಂದು ಲಕ್ಷದವರೆಗಿನ ವಹಿವಾಟಿನಲ್ಲಿ ಮೊತ್ತದ 1%ರ ಮೇಲೆ 18%. ಅಂದರೆ 91,000 ರೂಪಾಯಿಗೆ ಸುಮಾರು 164 ರೂಪಾಯಿ. ಟ್ಯಾಕ್ಸ್ ಅಂತ ಸಾವಿರಗಟ್ಟಲೆ ಕೇಳಿದರೆ ಬಿಲ್ಲಿನಲ್ಲಿ ಬಿಡಿಸಿ ತೋರಿಸಿ ಅನ್ನಿ. ಟಿಸಿಎಸ್, ಅಂದರೆ ಹಣ ಕೊಡುವಾಗಲೇ ಮುಂಗಡವಾಗಿ ಹಿಡಿದುಕೊಳ್ಳುವ ಆದಾಯ ತೆರಿಗೆ, ಅದರ ಬಗ್ಗೆಯೂ ಕೆಲವರು ಹೆದರುತ್ತಾರೆ. ವರ್ಷಕ್ಕೆ 10 ಲಕ್ಷ ದಾಟದಿದ್ದರೆ ನೋಟಿಗೆ, ವಿದೇಶಿ ಹಣ ಮೊದಲೇ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡಿಗೆ ಅದು ಇಲ್ಲ. ಟೂರ್ ಪ್ಯಾಕೇಜಿನ ನಿಯಮ ಬೇರೆ.

ವಾರದ ದಿನಗಳಲ್ಲೇ ಕೇಳಿ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ಏನಾಗುತ್ತದೋ ಅಂತ ಅಂಗಡಿಯವರು ರೇಟಿಗೆ ಸ್ವಲ್ಪ ಸೇರಿಸಿಕೊಂಡಿರುತ್ತಾರೆ. ದೇವನಹಳ್ಳಿ ತಲುಪಿದ ಮೇಲೆ ನೋಡೋಣ ಅಂತ ಮಾತ್ರ ಬಿಡಬೇಡಿ. ಯಾವ ಊರಿನದಾದರೂ ಸರಿ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಾಮಾನ್ಯವಾಗಿ ರೇಟ್ ಜಾಸ್ತಿ. ವಿಮಾನ ಹತ್ತುವ ಹೊತ್ತಿನಲ್ಲಿ ನಾಲ್ಕು ಕಡೆ ವಿಚಾರಿಸಲು ಆಗುತ್ತದಾ?

ಆರ್‌ಬಿಐ ಲೈಸೆನ್ಸ್ ಇರುವವರ ಹತ್ತಿರವೇ ಕೊಳ್ಳಿ, ರಸೀದಿ ತೆಗೆದುಕೊಳ್ಳಿ. ಒಂದು ಪ್ರಯಾಣಕ್ಕೆ 50,000 ರೂಪಾಯಿ ದಾಟಿದರೆ ನಗದು ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಹೆಚ್ಚಿನ ದೇಶಗಳಿಗೆ 3,000 ಡಾಲರ್‌ವರೆಗೆ. ಅಷ್ಟು ಬೇಕಾಗುವುದೂ ಅಪರೂಪ. ಮಗಳ ಮನೆಯಲ್ಲೇ ಇರುವ ಅಮ್ಮನಿಗೆ ಕೈಖರ್ಚಿಗೆ 200 ಡಾಲರ್ ಸಾಕು ಅಂತಲೇ ನಾನು ಹೇಳುವುದು.

ಥಾಯ್ಲೆಂಡ್, ಇಂಡೋನೇಷ್ಯಾ, ವಿಯೆಟ್ನಾಂಗೆ ಹೋಗುವವರು ಆ ದೇಶದ ನೋಟನ್ನು ಇಲ್ಲೇ ಹುಡುಕಿಕೊಂಡು ಅಲೆಯುವುದು ಬೇಡ. ಇಲ್ಲಿ ಅವುಗಳ ವ್ಯಾಪಾರ ಕಡಿಮೆ, ಹಾಗಾಗಿ ದುಬಾರಿ. ಮಡಿಕೆ ಬೀಳದ 100 ಡಾಲರ್ ನೋಟು ಒಯ್ದು ಅಲ್ಲಿ ಊರೊಳಗೆ ಬದಲಾಯಿಸಿ. ಬ್ಯಾಂಕಾಕಿನಲ್ಲಿ ದೊಡ್ಡ ನೋಟಿಗೆ ಒಂದು ರೇಟ್, ಸಣ್ಣ ನೋಟಿಗೆ ಅದಕ್ಕಿಂತ ಕಡಿಮೆ ರೇಟ್ ಅಂತ ಬೋರ್ಡಿನಲ್ಲೇ ಬರೆದಿರುತ್ತಾರೆ.

ಇನ್ನು ಕಾರ್ಡು. ನಮ್ಮ ಬಹಳಷ್ಟು ಕಾರ್ಡುಗಳಿಗೆ ವಿದೇಶದಲ್ಲಿ 3.5% ಮಾರ್ಕಪ್, ಅಂದರೆ ಬ್ಯಾಂಕು ಸೇರಿಸಿಕೊಳ್ಳುವ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಒಟ್ಟು 4.13% ಆಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡೂ ಇವೆ, ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿ. ಯಾವ ಕಾರ್ಡಾದರೂ ಒಂದು ಜಾಗದಲ್ಲಿ ಎಚ್ಚರ ಇರಲಿ. ಬ್ಯಾಂಕಾಕಿನ ಅಂಗಡಿಯ ಮಷೀನು ಎರಡು ಮೊತ್ತ ತೋರಿಸುತ್ತದೆ, ಒಂದು ಅಲ್ಲಿನ ಹಣವಾದ ಬಾತ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ನಮ್ಮ ರೂಪಾಯಿ ಕಂಡ ತಕ್ಷಣ ಕೈ ಅದರ ಕಡೆಗೇ ಹೋಗುತ್ತದೆ. ಅದನ್ನು ಒತ್ತಿದರೆ ಆ ಅಂಗಡಿಯ ಬ್ಯಾಂಕು ತನ್ನ ರೇಟ್ ಹಾಕುತ್ತದೆ, ಅದು ಬಹುತೇಕ ದುಬಾರಿ. ಬಾತ್ ಅನ್ನೇ ಒತ್ತಿ. ಮಾರಾಟದವರು ನಿಮ್ಮನ್ನು ಕೇಳದೆ ಒತ್ತಿದ್ದರೆ ಸಂಕೋಚಪಡಬೇಡಿ, ರದ್ದು ಮಾಡಿಸಿ ಮತ್ತೆ ಹಾಕಿಸಿ. ಎಟಿಎಂನಲ್ಲೂ ಇದೇ ಆಟ. "ಕನ್ವರ್ಷನ್ ಇಲ್ಲದೆ" ಅನ್ನುವುದನ್ನು ಆರಿಸಿ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಲೇಬೇಡಿ, ಮೊದಲ ದಿನದಿಂದಲೇ ಬಡ್ಡಿ ಶುರು.

ಮಿಕ್ಕಿದ ನೋಟನ್ನು ವಾಪಸ್ ಮಾರುವಾಗ ಅಂಗಡಿಯವರು ಕೊಳ್ಳುವ ರೇಟೇ ಬೇರೆ, ಅದು ಮಾರುಕಟ್ಟೆಗಿಂತ ಕಡಿಮೆ. ಹಾಗಾಗಿ ಮತ್ತೆ ಹೋಗುವುದಿದ್ದರೆ ಮಾರಬೇಡಿ, 2,000 ಡಾಲರ್‌ವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಮಾರಬೇಕು. ನಾಣ್ಯಗಳನ್ನು ಇಲ್ಲಿ ಸಾಮಾನ್ಯವಾಗಿ ಯಾರೂ ಕೊಳ್ಳುವುದಿಲ್ಲ, ಅವನ್ನು ಅಲ್ಲೇ ಖರ್ಚು ಮಾಡಿ ಬನ್ನಿ.