ಮಾಸ್ಕೋದಲ್ಲಿ ಸೋಫಿಯಾಳ ಜಾಡು ಹಿಡಿದು ಎರಡು ದಿನ

ಮಾಸ್ಕೋಗೆ ಹೋದವರು ರೆಡ್ ಸ್ಕ್ವೇರ್ ಹೇಗೂ ನೋಡುತ್ತೀರಿ. ಇನ್ನೆರಡು ದಿನ ಕೈಯಲ್ಲಿದ್ದರೆ ಒಬ್ಬ ರಾಜಕುಮಾರಿಯ ಜಾಡು ಹಿಡಿದು ಹೋಗಿ. ಹೆಸರು ಸೋಫಿಯಾ ಅಲೆಕ್ಸೆಯೆವ್ನಾ, ಹುಟ್ಟಿದ್ದು 1657ರಲ್ಲಿ. ಶಾಲೆಯಲ್ಲಿ ಓದಿದ್ದೆವಲ್ಲ, ರಷ್ಯಾದ ದೊರೆ ಪೀಟರ್ ಮಹಾಶಯ, ಅವನ ತಂದೆಯ ಮೊದಲ ಹೆಂಡತಿಯ ಮಗಳು ಇವಳು.

ಮೊದಲು ವರ್ವಾರ್ಕಾ ಬೀದಿಯಲ್ಲಿರುವ, ಅವಳ ವಂಶದವರಾದ ರೊಮಾನೊವ್‌ರ ಮನೆಗೆ ಹೋಗಿ. ರಾಜಮನೆತನದ ಹೆಂಗಸರಿದ್ದ ಕ್ರೆಮ್ಲಿನ್‌ನ ತೆರೆಮ್ ಅರಮನೆಗೆ ಸಾಮಾನ್ಯ ಪ್ರವಾಸಿಗರನ್ನು ಬಿಡುವುದಿಲ್ಲ. ಗೊತ್ತಿಲ್ಲದೆ ಅಲ್ಲಿ ವಿಚಾರಿಸುತ್ತಾ ನಾವು ಸುಮ್ನೆ ಅರ್ಧ ಗಂಟೆ ಕಳೆದೆವು. ರೊಮಾನೊವ್ ಮನೆಯ ಮೇಲಂತಸ್ತಿನಲ್ಲಿ ಹೆಂಗಸರು ಕಸೂತಿ ಹಾಕುತ್ತಿದ್ದ ಮರದ ಕೋಣೆ ಇದೆ. ಅದನ್ನು ನೋಡಿದರೆ ತೆರೆಮ್ ಬದುಕು ಅಂದಾಜಾಗುತ್ತದೆ. ರಾಜಕುಮಾರಿಯರು ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿರಲಿಲ್ಲ. ಮದುವೆಯೂ ಇಲ್ಲ. ಊರಿನ ಶ್ರೀಮಂತ ಅಂತಸ್ತಿಗೆ ಕಡಿಮೆ, ಹೊರದೇಶದ ರಾಜಕುಮಾರನ ಧರ್ಮ ಬೇರೆ!

ಸೋಫಿಯಾ ಮಾತ್ರ ಓದಿಕೊಂಡವಳು. 1682ರಲ್ಲಿ ಸ್ಟ್ರೆಲ್ತ್ಸಿ ಎಂಬ ಸೈನಿಕರು ದಂಗೆ ಎದ್ದ ಮೇಲೆ ಅವಳ ತಮ್ಮಂದಿರಾದ 15ರ ಇವಾನ್, 10ರ ಪೀಟರ್ ಇಬ್ಬರಿಗೂ ಒಟ್ಟಿಗೆ ಪಟ್ಟವಾಯಿತು. ಆಳಿದ್ದು ಅಕ್ಕ, 7 ವರ್ಷ. ಆ ಜೋಡಿ ಸಿಂಹಾಸನ ಕ್ರೆಮ್ಲಿನ್‌ನ ಆರ್ಮರಿ ಮ್ಯೂಸಿಯಂನಲ್ಲಿದೆ. ಹಿಂಬದಿಗೆ ಹೋಗಿ ನೋಡಲೇಬೇಕು: ಅಲ್ಲೊಂದು ಪುಟ್ಟ ಕಿಂಡಿ. ಹುಡುಗರು ಏನು ಹೇಳಬೇಕು ಅಂತ ಅದರ ಹಿಂದೆ ದೊಡ್ಡವರು ಕೂತು ಪಿಸುಗುಟ್ಟುತ್ತಿದ್ದರಂತೆ. ನಾನು ಆ ಕಿಂಡಿಯ ಮುಂದೆ ವಜ್ರದ ಕಿರೀಟಗಳಿಗಿಂತ ಜಾಸ್ತಿ ಹೊತ್ತು ನಿಂತಿದ್ದೆ. ಆರ್ಮರಿಗೆ ಗುರುವಾರ ರಜೆ. ಟಿಕೆಟ್ ನಿಗದಿತ ವೇಳೆಗೆ ಮಾತ್ರ, ಮೊದಲೇ ತೆಗೆದುಕೊಳ್ಳಿ. ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ನಗದು ಇಟ್ಟುಕೊಂಡಿರಿ.

ಮರುದಿನ ನೊವೊದೆವಿಚಿ ಮಠ. ಕ್ರೆಮ್ಲಿನ್ ಪಕ್ಕದ 'ಬಿಬ್ಲಿಯೊತೆಕಾ ಇಮೆನಿ ಲೆನಿನಾ' ಸ್ಟೇಷನ್ನಿನಲ್ಲಿ ಮೆಟ್ರೋದ ಕೆಂಪು ಲೈನ್ ಹತ್ತಿ, ನಾಲ್ಕನೇ ಸ್ಟೇಷನ್ 'ಸ್ಪೋರ್ಟಿವ್ನಾಯಾ'ದಲ್ಲಿ ಇಳಿಯಿರಿ. ಅಲ್ಲಿಂದ ನಡೆದೇ ಹೋಗಬಹುದು. ಹೆಂಗಸರು ತಲೆಗೆ ಸ್ಕಾರ್ಫ್ ಇಟ್ಟುಕೊಳ್ಳಿ.

1689ರಲ್ಲಿ 17ರ ಪೀಟರ್ ಅಧಿಕಾರ ಕಿತ್ತುಕೊಂಡು ಅಕ್ಕನನ್ನು ಇಲ್ಲಿ ಕೂಡಿಹಾಕಿದ. 1698ರಲ್ಲಿ ಸ್ಟ್ರೆಲ್ತ್ಸಿ ಮತ್ತೆ ದಂಗೆ ಎದ್ದಾಗ ಕೆಲವರನ್ನು ಅವಳ ಕಿಟಕಿಯ ಎದುರಿಗೇ ನೇಣು ಹಾಕಿಸಿದ. ಹೆಣಗಳನ್ನು ತಿಂಗಳುಗಟ್ಟಲೆ ಇಳಿಸಲಿಲ್ಲ. ಅವಳನ್ನು ಸನ್ಯಾಸಿನಿ ಮಾಡಿ 'ಸುಸಾನಾ' ಅಂತ ಹೆಸರಿಟ್ಟರು. ಆ ಕಿಟಕಿಯ ದೃಶ್ಯವನ್ನು 1879ರಲ್ಲಿ ಇಲ್ಯಾ ರೆಪಿನ್ ಚಿತ್ರಿಸಿದ. ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ, ಮಠಕ್ಕೆ ಹೋಗುವ ಮೊದಲೇ ನೋಡಿಬಿಡಿ. ನಾವು ಆಮೇಲೆ ನೋಡಿ ಕೈ ಹಿಸುಕಿಕೊಂಡೆವು. ಸೋಮವಾರ ಗ್ಯಾಲರಿಗೆ ರಜೆ.

ಮಠದ ಒಂದು ಗೋಪುರದ ಗೋಡೆಯ ಬಳಿ ಜನ ಹರಕೆಯ ಚೀಟಿ ಇಡುತ್ತಾರೆ. ಸೋಫಿಯಾ ನಡೆಸಿಕೊಡುತ್ತಾಳೆ ಅಂತ ನಂಬಿಕೆ. ತನ್ನದೇ ಆಸೆ ಈಡೇರದವಳ ಬಳಿ ಬೇಡುವುದು ವಿಚಿತ್ರ, ಅಲ್ವಾ?

ಪಕ್ಕದ ಸ್ಮಶಾನದಲ್ಲಿ ರಷ್ಯನ್ ಸಾಹಿತಿಗಳಾದ ಚೆಕೊವ್, ಗೊಗೊಲ್ ಇದ್ದಾರೆ. ಅದರ ಬಾಗಿಲೇ ಬೇರೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮಠದೊಳಗಿನ ಸ್ಮೊಲೆನ್ಸ್ಕಿ ಚರ್ಚ್ ತೆರೆದಿದೆಯೇ ಕೇಳಿ. 1704ರಲ್ಲಿ ತೀರಿಕೊಂಡ ಸೋಫಿಯಾಳ ಸಮಾಧಿ ಅದರೊಳಗಿದೆ. ಪೀಟರ್‌ನ ಮೊದಲ ಹೆಂಡತಿ ಯೆವ್ದೋಕಿಯಾಳದ್ದೂ ಅಲ್ಲೇ. ಅವಳನ್ನೂ ಮಠಕ್ಕೆ ಅಟ್ಟಿದ್ದು ಅವನೇ. ಇಬ್ಬರನ್ನೂ ನೋಡಿ ಬನ್ನಿ.