ಒಸಾಕಾದಲ್ಲಿ ಯಾರೂ ನಮ್ಮನ್ನು ಎಲ್ಲಿಗೆ ಅಂತ ಕೇಳಲಿಲ್ಲ

ನಮ್ಮವರದು ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿ. ತೊಗರಿ, ಕಡಲೆ, ಹೆಸರು. ಡಿಸೆಂಬರ್ ಬಂತೆಂದರೆ ಹೊಸ ತೊಗರಿಯ ಚೀಲಗಳು ಬರಲು ಶುರು. ಆಮೇಲೆ ಎರಡು ಮೂರು ತಿಂಗಳು ಅವರು ಮನೆಗೆ ಬರುವುದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ. ಅದಕ್ಕೇ ಮಗಳು ನವೆಂಬರ್‌ಗೆ ಟಿಕೆಟ್ ಮಾಡಿಸಿದಳು. ದೀಪಾವಳಿಯ ಅಂಗಡಿ ಪೂಜೆ ಮುಗಿದಿತ್ತು, ತೊಗರಿ ಇನ್ನೂ ಹೊಲದಲ್ಲಿತ್ತು. ಎಂಟು ದಿನ, ಒಂದೇ ಊರು, ಒಸಾಕಾ. "ಅದು ವ್ಯಾಪಾರಸ್ಥರ ಊರು, ಪಪ್ಪಾಗೆ ಸೇರುತ್ತೆ" ಅಂದಿದ್ದಳು.

ಬಂದು ಎರಡು ತಿಂಗಳಾಯಿತು. ಈಗಲೂ ಯಾರಾದರೂ ಜಪಾನ್ ಹೇಗಿತ್ತು ಅಂತ ಕೇಳಿದರೆ, ನಾವಿಬ್ಬರೂ ಬೇರೆ ಬೇರೆ ಊರಿಗೆ ಹೋಗಿ ಬಂದವರ ಹಾಗೆ ಉತ್ತರ ಕೊಡುತ್ತೇವೆ. ಅವರು "ಊರು ಭಾಳ ಛಲೋ ಅದ, ಮಾತಾಡೋ ಮಂದಿ ಇಲ್ಲ" ಅನ್ನುತ್ತಾರೆ. ನನಗೆ ಆ ಮಾತಾಡದೇ ಇರೋದೇ ಹಿಡಿಸಿತು.

ಮೊದಲ ದಿನದಿಂದಲೇ ಇದು ಶುರುವಾಯಿತು. ಕನ್ಸಾಯ್ ವಿಮಾನ ನಿಲ್ದಾಣ ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲಿದೆ, 1994ರಲ್ಲಿ ಶುರುವಾಗಿದ್ದು. ಅಲ್ಲಿಂದ ಸೇತುವೆ ದಾಟಿ ರೈಲು ಸೀದಾ ನಂಬಾಕ್ಕೆ ಬರುತ್ತದೆ. ನಮ್ಮ ಹೋಟೆಲ್ ಇದ್ದದ್ದು ಅಲ್ಲೇ. ರೈಲು ತುಂಬಾ ಜನ. ಒಬ್ಬರ ಫೋನೂ ರಿಂಗ್ ಆಗಲಿಲ್ಲ. ಒಂದು ಮಗು ಸಹ ಪಿಸುಮಾತಿನಲ್ಲೇ ತಾಯಿಗೆ ಏನೋ ಹೇಳುತ್ತಿತ್ತು. ನಮ್ಮವರು ನನ್ನ ಕಿವಿಯ ಹತ್ತಿರ ಬಂದು, "ಏನರ ಆಗ್ಯದೇನು? ಯಾಕ ಎಲ್ಲಾರೂ ಹಿಂಗ ಕೂತಾರ?" ಅಂತ ಕೇಳಿದರು. ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೋಗೋ ರೈಲಿನಲ್ಲಿ ಎದುರಿಗೆ ಕೂತವರ ಊರು, ಮಕ್ಕಳು, ಬೀಗರು ಎಲ್ಲ ಗೊತ್ತು ಮಾಡಿಕೊಂಡೇ ಇಳಿಯೋ ಮನುಷ್ಯ ಅವರು. ಅವರಿಗೆ ಆ ಗಾಡಿಯಲ್ಲಿ ಉಸಿರು ಕಟ್ಟಿದಂತಾಯಿತು. ನಾನು ಕಿಟಕಿಗೆ ತಲೆ ಆನಿಸಿ ಕೂತೆ. ಎಷ್ಟೋ ವರ್ಷದ ಮೇಲೆ ತಲೆ ಹಗುರಾದ ಹಾಗೆ ಇತ್ತು.

ನಮ್ಮ ಮನೆ ಎಂದರೆ ಬಾಗಿಲು ಹಾಕದ ಮನೆ. ಹಳ್ಳಿಯಿಂದ ಮಾಲು ತಂದ ರೈತರು, ಹಮಾಲರು, ನೆಂಟರು, ಮಠದವರು, ಯಾರು ಬಂದರೂ ಚಹಾ, ಹೊತ್ತಾಗಿದ್ದರೆ ರೊಟ್ಟಿ. ಅದರಲ್ಲಿ ಬೇಜಾರಿಲ್ಲ. ಆದರೆ ನನ್ನ ಪಾಡಿಗೆ ನಾನು ಒಂದು ತಾಸು ಸುಮ್ನೆ ಕೂತದ್ದು ಯಾವಾಗ ಅಂತ ನೆನಪೂ ಇಲ್ಲ.

ಎರಡನೇ ದಿನ ಮಿಡೋಸುಜಿ ಅನ್ನೋ ಮೆಟ್ರೋ ಹತ್ತಿದೆವು. ಒಸಾಕಾದ ಮೊದಲ ಮೆಟ್ರೋ ಲೈನು ಅದೇ, 1933ರದು. ನಾವು ಹತ್ತಿದ ಡಬ್ಬಿಯಲ್ಲಿ ಬರೀ ಹೆಂಗಸರು. ಎರಡು ಸ್ಟೇಷನ್ ದಾಟಿದ ಮೇಲೆ ನಾನು ಗಾಜಿನ ಮೇಲಿನ ಗುಲಾಬಿ ಬಣ್ಣದ ಚೀಟಿ ನೋಡಿದೆ. ವಾರದ ದಿನಗಳಲ್ಲಿ ಇಡೀ ದಿನ ಅದು ಹೆಂಗಸರಿಗೆ ಮಾತ್ರ. ಇವರಿಗೆ ತೋರಿಸಿದೆ. ಮುಖ ಸಣ್ಣದು ಮಾಡಿಕೊಂಡು ಮುಂದಿನ ಸ್ಟೇಷನ್‌ನಲ್ಲಿ ಇಳಿದುಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿ ನಿಂತು, "ಒಬ್ಬಾಕಿಯಾದರೂ ಹೇಳಬಾರದಿತ್ತೇನು? ನಮ್ಮ ಊರ ಬಸ್ಸಿನಾಗ ಹೆಂಗಸರ ಸೀಟಿನ್ಯಾಗ ಕೂತ್ರ ಕಂಡಕ್ಟರ್‌ಗಿಂತ ಮೊದ್ಲ ಹತ್ತು ಮಂದಿ ಎಬ್ಬಸತಾರ" ಅಂದರು. ಅವರಿಗೆ ನಾಚಿಕೆಗಿಂತ ನೋವು ಜಾಸ್ತಿ ಆಗಿತ್ತು. ತಪ್ಪು ಮಾಡಿದವನಿಗೆ ಹೇಳುವಷ್ಟೂ ನಾವು ಅವರಿಗೆ ಬೇಕಾಗಿಲ್ಲ ಅಂತ ಅವರ ಲೆಕ್ಕ. ಹೊರಗಿನವರನ್ನು ಮುಜುಗರಕ್ಕೆ ಹಾಕಬಾರದು ಅಂತ ಸುಮ್ಮನಿದ್ದರು ಅಂತ ನನ್ನ ಲೆಕ್ಕ. ಆ ಬೆಳಿಗ್ಗೆ ಇಬ್ಬರೂ ಮಾತಿಲ್ಲದೇ ಉಮೇದಾ ತನಕ ಹೋದೆವು.

ಆದರೆ ಅದೇ ದಿನ ಸಂಜೆ ಆದದ್ದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಒಂದು ಗಲ್ಲಿಯಲ್ಲಿ ಸಣ್ಣ ಅಂಗಡಿ. ಎಂಟು ಸ್ಟೂಲು, ಎದುರಿಗೇ ಒಲೆ. ಉದೋನ್ ಅನ್ನೋ ದಪ್ಪ ಗೋಧಿ ಶಾವಿಗೆ ಬಿಸಿ ನೀರಿನಿಂದ ತೆಗೆದು, ತಿಳಿ ಸಾರಿನಲ್ಲಿ ಹಾಕಿ, ಮೇಲೆ ಹಸಿ ಉಳ್ಳಾಗಡ್ಡಿ ಸೊಪ್ಪು ಉದುರಿಸಿ ಕೊಡುತ್ತಿದ್ದರು. ಮಾಂಸ ಎಲ್ಲೂ ಕಾಣಲಿಲ್ಲ. ಇವರು ಬೇಡ ಅಂದರು. ನಾನೇ, "ಬರೀ ಶಾವಿಗೆ ಸಾರು ಅದ ರೀ, ತಿನ್ರಿ, ಬೆಳಗಿನಿಂದ ಒಣ ರೊಟ್ಟಿ ತಿಂದೀರಿ" ಅಂತ ಒತ್ತಾಯ ಮಾಡಿದೆ. ಸಾರು ನಮ್ಮ ಬೇಳೆ ಕಟ್ಟಿನ ಹಾಗೆ ತಿಳಿಯಾಗಿತ್ತು, ಸ್ವಲ್ಪ ಹೊಗೆಯ ವಾಸನೆ. ಅರ್ಧ ಬಟ್ಟಲು ತಿಂದಿದ್ದರು. ಮಗಳಿಗೆ ಫೋಟೋ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು. ಆ ಹೊಗೆ ವಾಸನೆ ಮೀನಿನದು. ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯ ಹಾಗೆ ಗಟ್ಟಿಯಾಗುವ ತನಕ ಒಣಗಿಸಿ, ಹೆರೆದು ಕುದಿಸುತ್ತಾರೆ. ಅಲ್ಲಿಯ ಹೆಚ್ಚಿನ ಸಾರಿಗೆ ಅದೇ ಕಟ್ಟು. ಅದಕ್ಕೆ ದಾಶಿ ಅನ್ನುತ್ತಾರೆ.

ನಮ್ಮವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಐವತ್ತೆಂಟು ವರ್ಷದಲ್ಲಿ ತತ್ತಿಯನ್ನೂ ಮುಟ್ಟಿದವರಲ್ಲ. ಚಮಚ ಕೆಳಗಿಟ್ಟರು. ಅಂಗಡಿಯವನಿಗೆ ಕೈ ಮುಗಿದು, ದುಡ್ಡು ಕೊಟ್ಟು ಹೊರಗೆ ಬಂದರು. ಅವನದೇನು ತಪ್ಪು, ನಾವು ಕೇಳಿರಲಿಲ್ಲ. ಹೋಟೆಲಿಗೆ ಬಂದು ಸ್ನಾನ ಮಾಡಿದರು. ಆ ರೂಮಿನಲ್ಲಿ ಹೊಗೆ ಆಗಬಾರದು ಅಂತ ಊದುಬತ್ತಿ ಸಹ ಹಚ್ಚುವಂತಿರಲಿಲ್ಲ. ಹಾಸಿಗೆ ಮತ್ತು ಗೋಡೆಯ ನಡುವೆ ಇದ್ದ ಒಂದು ಮೊಳ ಜಾಗದಲ್ಲಿ ಟವೆಲ್ ಹಾಸಿ, ಅಂಗೈಯಲ್ಲಿ ಲಿಂಗ ಹಿಡಿದು ತುಂಬಾ ಹೊತ್ತು ಕೂತರು. ನಾನು ಬಚ್ಚಲಿನಲ್ಲಿ ನಿಂತು ಅತ್ತೆ. ಅವರು ಎದ್ದು ಬಂದು ಇಷ್ಟೇ ಹೇಳಿದರು: "ಗೊತ್ತಿಲ್ದ ಆಗ್ಯದ. ನೀ ಯಾಕ ಅಳ್ತಿ?"

ಮರುದಿನ ಊಟದ ದಾರಿ ಹುಡುಕುವುದೇ ಕೆಲಸವಾಯಿತು. ಕೊಂಬು ಅನ್ನೋ ಸಮುದ್ರದ ಪಾಚಿಯಿಂದಲೂ ಸಾರಿನ ಕಟ್ಟು ತೆಗೆಯುತ್ತಾರೆ ಅಂತ ಮಗಳು ಹೇಳಿದ್ದಳು. ಕೊಂಬು ಬೆಳೆಯುವುದು ಉತ್ತರದ ಹೊಕ್ಕೈದೊದಲ್ಲಿ. ಹಿಂದೆ ಹಡಗುಗಳಲ್ಲಿ ಒಸಾಕಾಕ್ಕೆ ಬರುತ್ತಿತ್ತು, ಅದಕ್ಕೇ ಈ ಊರಿನಲ್ಲಿ ಇವತ್ತಿಗೂ ಬರೀ ಕೊಂಬು ಮಾರುವ ಅಂಗಡಿಗಳಿವೆ. ಅಂಥ ಒಂದು ಅಂಗಡಿಗೆ ಹೋದೆವು. ಒಣಗಿದ ಚಕ್ಕಳದ ಹಾಗೆ ಕಪ್ಪು ಪಟ್ಟಿಗಳು, ಮೇಲೆ ಬಿಳಿ ಪುಡಿ, ದರ್ಜೆ ದರ್ಜೆಯಾಗಿ ಜೋಡಿಸಿದ್ದರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದರು. ನಮ್ಮವರು ಒಂದು ಪಟ್ಟಿ ತೆಗೆದು ಬೆಳಕಿಗೆ ಹಿಡಿದರು, ಮೂಸಿದರು, ಬೆರಳಿನಲ್ಲಿ ಬಗ್ಗಿಸಿ ನೋಡಿದರು. ಗಂಜಿನಲ್ಲಿ ತೊಗರಿ ಕಾಳು ಹಲ್ಲಲ್ಲಿ ಕಚ್ಚಿ ನೋಡುವ ಅದೇ ಮುಖ. ಅಜ್ಜಿ ಎದ್ದು ಬಂದರು! ಇವರು ವ್ಯಾಪಾರಸ್ಥರು ಅಂತ ಅವರಿಗೆ ತಿಳಿದುಹೋಯಿತು. ಆಮೇಲೆ ಒಂದು ತಾಸು ಫೋನು ಈ ಕಡೆ ಆ ಕಡೆ. ಅಜ್ಜಿಯ ದನಿ ದೊಡ್ಡದು, ನಗು ಇನ್ನೂ ದೊಡ್ಡದು. ಒಸಾಕಾದ ವ್ಯಾಪಾರಸ್ಥರು ಹಿಂದೆ ಎದುರಾದಾಗ ನಮಸ್ಕಾರದ ಬದಲು "ಮೋಕರಿಮಕ್ಕಾ?" ಅನ್ನುತ್ತಿದ್ದರಂತೆ. ದುಡ್ಡು ಆಗ್ತಿದೆಯಾ ಅಂತ. ಅದಕ್ಕೆ ಉತ್ತರ "ಬೋಚಿ ಬೋಚಿ", ಹಂಗೂ ಹಿಂಗೂ ನಡೀತಿದೆ ಅಂತ. ನಮ್ಮವರು ಕುಣಿಯೋದೊಂದು ಬಾಕಿ. "ನಮ್ಮ ಗಂಜಿನ ಮಾತ ಅದ ನೋಡು! ಹ್ಯಾಂಗದ ಧಂದಾ ಅಂದ್ರ, ನಡದದ ಅನ್ನೋದು!"

ಅಜ್ಜಿ ಒಂದು ರಟ್ಟಿನ ತುಂಡಿನ ಮೇಲೆ ಜಪಾನಿಯಲ್ಲಿ ಬರೆದುಕೊಟ್ಟರು: ಮಾಂಸ, ಮೀನು, ತತ್ತಿ, ಮೀನಿನ ದಾಶಿ, ಯಾವುದೂ ಬೇಡ. ಮುಂದಿನ ಆರು ದಿನ ನಮ್ಮ ಊಟ ನಡೆದದ್ದು ಆ ಚೀಟಿಯ ಮೇಲೆ. ಎಷ್ಟೋ ಕಡೆ ಅದನ್ನು ಓದಿ, ಎರಡೂ ಕೈ ಅಡ್ಡ ಹಿಡಿದು, ತಲೆ ಬಾಗಿಸಿ, ಆಗಲ್ಲ ಅಂದರು. ಇವರಿಗೆ ಅದು ಬಾಗಿಲು ಹಾಕಿದ ಹಾಗೆ ಕಾಣುತ್ತಿತ್ತು. ನನಗೆ ಸಮಾಧಾನ ಆಗುತ್ತಿತ್ತು. ಸುಮ್ನೆ ಬಡಿಸಿ ದುಡ್ಡು ತಗೋಬಹುದಿತ್ತಲ್ವಾ? ಹೇಳಿ ಕಳಿಸಿದರು. ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣು ಇಟ್ಟ ಅನ್ನದ ಮುದ್ದೆ, ಬಾಳೆಹಣ್ಣು, ನಾವು ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಸಲ ಇಂಡಿಯನ್ ಹೋಟೆಲ್. ನಡೆಯಿತು.

ಒಸಾಕಾ ಕೋಟೆಯಲ್ಲಿ ಮತ್ತೆ ನಮ್ಮಿಬ್ಬರ ದಾರಿ ಬೇರೆ. ಕಲ್ಲಿನ ಗೋಡೆ, ಕಂದಕ ನೋಡಿ ಇವರು ಖುಷಿಯಾದರು. ಒಂದೇ ಕಲ್ಲಿನ ಮುಖ ಸುಮಾರು 60 ಚದರ ಮೀಟರ್ ಇದೆ, ನಮ್ಮ ಮನೆಯ ಹಾಲ್ ಮತ್ತು ಅಡಿಗೆ ಮನೆ ಸೇರಿಸಿದರೂ ಅಷ್ಟಾಗುವುದಿಲ್ಲ. ಆದರೆ ನಡುವಿನ ಗೋಪುರದೊಳಗೆ ಲಿಫ್ಟ್ ಕಂಡ ಕೂಡಲೇ, "ಇದು ಖಿಲ್ಲಾ ಅಲ್ಲ, ಬಿಲ್ಡಿಂಗ್" ಅಂದುಬಿಟ್ಟರು. ನಿಜ, ಹಿದೆಯೋಶಿ ಅನ್ನೋ ಆಗಿನ ದೊರೆ 1583ರಲ್ಲಿ ಶುರು ಮಾಡಿದ ಕೋಟೆ ಸುಟ್ಟು, ಮತ್ತೆ ಕಟ್ಟಿ, ಮತ್ತೆ ಸುಟ್ಟು, ಈಗಿನ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಊರಿನ ಜನ ದೇಣಿಗೆ ಕೊಟ್ಟು ಕಟ್ಟಿಸಿದ್ದು. ನನಗೆ ಆ ದೇಣಿಗೆಯ ಮಾತೇ ಮನಸ್ಸಿಗೆ ನಾಟಿತು. ನಮ್ಮ ಕಲಬುರಗಿ ಕೋಟೆಯ ಕಲ್ಲು ಅಸಲಿ, ಒಳಗಿನ ಜಾಮಿ ಮಸೀದಿ 1367ರದು, ಅಂಗಳವೇ ಇಲ್ಲದೇ ಪೂರಾ ಮಾಡು ಇರುವಂಥದ್ದು, ಅಂಥದ್ದು ಎಲ್ಲಿದೆ ಹೇಳಿ. ಆದರೂ ಅಲ್ಲಿ ಹೋದರೆ ಗೋಡೆಯ ಸಂದಿನಲ್ಲಿ ಗಿಡ ಬೆಳೆದದ್ದು ಕಾಣುತ್ತದೆ, ಹೊಟ್ಟೆ ಉರಿಯುತ್ತದೆ. ಇಲ್ಲದ್ದನ್ನು ಕಟ್ಟಿಕೊಂಡು ಒರೆಸಿ ಇಟ್ಟವರನ್ನು ನಾನು ಹೇಗೆ ತೆಗೆದುಹಾಕಲಿ?

ದೋತೋನ್‌ಬೋರಿಯ ದೀಪಗಳು, ಓಡುವ ಮನುಷ್ಯನ ಬೋರ್ಡು, ಎಲ್ಲ ನೋಡಿದೆವು. ಗದ್ದಲ ಜಾಸ್ತಿ. ಫೋಟೋ ತೆಗೆದು ಬಂದೆವು.

ಇವರು ಹಟ ಹಿಡಿದು ಹೋದದ್ದು ದೋಜಿಮಾಕ್ಕೆ. ನೋಡಲು ಏನೂ ಇಲ್ಲ, ನದಿಯ ದಂಡೆ, ಸುತ್ತ ಆಫೀಸುಗಳು. ಅಕ್ಕಿ ಕಾಳಿನ ಆಕಾರದ ಒಂದು ಸ್ಮಾರಕ, ಒಸಾಕಾದವರೇ ಆದ ವಾಸ್ತುಶಿಲ್ಪಿ ತದಾವೊ ಆಂದೊ ಮಾಡಿದ್ದು. ಇಲ್ಲಿ ಅಕ್ಕಿಯ ಬಜಾರ್ ಇತ್ತು. ಮುಂದೆ ಕೊಡುವ ಮಾಲಿಗೆ ಇವತ್ತೇ ದರ ಕಟ್ಟುವ ವಾಯದೆ ವ್ಯಾಪಾರಕ್ಕೆ 1730ರಲ್ಲಿ ಸರ್ಕಾರವೇ ಒಪ್ಪಿಗೆ ಕೊಟ್ಟಿತು, ಜಗತ್ತಿನಲ್ಲಿ ಮೊದಲನೆಯದು ಇದೇ ಅನ್ನುತ್ತಾರೆ. ಒಂದು ಬತ್ತಿ ಹಚ್ಚಿ ಇಡುತ್ತಿದ್ದರಂತೆ, ಅದು ಆರಿದರೆ ಆ ದಿನದ ವ್ಯಾಪಾರ ಮುಗಿಯಿತು. ಆಮೇಲೂ ಜನ ಚದುರದಿದ್ದರೆ ನೀರು ಎರಚುತ್ತಿದ್ದರಂತೆ. ದರವನ್ನು ಗುಡ್ಡದಿಂದ ಗುಡ್ಡಕ್ಕೆ ಬಾವುಟ ಬೀಸಿ ದೂರದ ಊರುಗಳಿಗೆ ಮುಟ್ಟಿಸುತ್ತಿದ್ದರು. 1939ರಲ್ಲಿ ಮುಚ್ಚಿತು. ನಮ್ಮವರು ಆ ಕಾಳಿನ ಮುಂದೆ ನಿಂತು ಅವರಪ್ಪನನ್ನು ನೆನೆದರು. ಮಾವನವರು ಟವೆಲಿನ ಕೆಳಗೆ ಕೈ ಹಾಕಿ ಬೆರಳು ಮುಟ್ಟಿ ದರ ಮಾಡುತ್ತಿದ್ದ ಕಾಲದವರು. ಈಗ ಗಂಜಿನಲ್ಲೂ ಕಂಪ್ಯೂಟರ್ ಟೆಂಡರು. "ಇಲ್ಲಿ ಎಷ್ಟ ಗದ್ದಲ ಇತ್ತೋ ಏನೋ" ಅಂದರು. ಆ ದಂಡೆಯಲ್ಲಿ ಈಗ ಸೈಕಲ್ಲಿನ ಸದ್ದೂ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ. ಅವರಿಗೆ ಏನು ಬೇಕಾಗಿತ್ತು ಅಂತ ನನಗೆ ಆಗ ಪೂರಾ ತಿಳಿಯಿತು.

ಆದರೆ ನನಗೆ ಬೇಕಾದದ್ದೂ ಒಂದಿತ್ತು. ಮೂರನೇ ರಾತ್ರಿ ಹನ್ನೊಂದಕ್ಕೆ ನಿದ್ದೆ ಬರಲಿಲ್ಲ. ಹಾಲು ತರುತ್ತೇನೆ ಅಂತ ಒಬ್ಬಳೇ ಕೆಳಗೆ ಇಳಿದೆ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು. ಅಂಗಡಿ ಮೂಲೆಯಲ್ಲೇ ಇತ್ತು, ನಾನು ಅದನ್ನು ದಾಟಿ ಹೋದೆ. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಂತೆ, ಒಸಾಕಾದವರು ಬಲಕ್ಕೇ ನಿಲ್ಲುತ್ತಾರೆ. ಹಳದಿಯಾದ ಗಿಂಕೋ ಮರಗಳ ಕೆಳಗೆ ನಡೆದೆ. ಎಲೆ ಬೀಸಣಿಗೆಯ ಹಾಗೆ, ಒಂದು ಎತ್ತಿ ಪರ್ಸಿನಲ್ಲಿ ಇಟ್ಟುಕೊಂಡೆ. ನನ್ನ ಎದುರಿಗೆ ಒಬ್ಬ ಹುಡುಗಿ ಕೆಲಸ ಮುಗಿಸಿ ಒಬ್ಬಳೇ ಸೈಕಲ್ ಮೇಲೆ ಹೋದಳು. ನಲವತ್ತು ನಿಮಿಷ. ಯಾರೂ ತಿರುಗಿ ನೋಡಲಿಲ್ಲ. ಐವತ್ತೆರಡು ವರ್ಷದಲ್ಲಿ ರಾತ್ರಿ ಹನ್ನೊಂದಕ್ಕೆ ರಸ್ತೆ ಹೇಗಿರುತ್ತದೆ ಅಂತ ಒಬ್ಬಳೇ ನೋಡಿದ್ದು ಅದೇ ಮೊದಲು. ವಾಪಸ್ ಬಂದಾಗ ಇವರು ಒಂಬತ್ತನೇ ಮಹಡಿಯ ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. ಸಿಟ್ಟು ಮಾಡಲಿಲ್ಲ. "ಹಾಲು ಎಲ್ಲಿ?" ಅಂದರು. ತಂದಿರಲಿಲ್ಲ. ಆಮೇಲೆ ಪ್ರತಿ ರಾತ್ರಿ ಹೋದೆ.

ಕೊನೆಯ ದಿನ 593ರಲ್ಲಿ ಕಟ್ಟಿದ ಶಿತೆನ್ನೋಜಿ ದೇವಾಲಯಕ್ಕೆ ಹೋಗಿದ್ದೆವು. ಅಲ್ಲಿ ಕಾಣಿಕೆಗೆ ಜನ ಐದು ಯೆನ್ ನಾಣ್ಯ ಹಾಕುತ್ತಾರೆ. ಹಿತ್ತಾಳೆ ಬಣ್ಣ, ನಡುವೆ ತೂತು, ಮೇಲೆ ಬಗ್ಗಿದ ಭತ್ತದ ತೆನೆ. "ಗೊ ಎನ್" ಅಂದರೆ ಐದು ಯೆನ್, ನಂಟು ಅನ್ನೋ ಮಾತೂ ಅದೇ ಉಚ್ಚಾರ. ಇವರು ಒಂದು ಹಾಕಿ, ಒಂದು ಜೇಬಿನಲ್ಲಿ ಇಟ್ಟುಕೊಂಡರು. ಈಗ ಅದು ಅಂಗಡಿಯ ಗಲ್ಲಾದಲ್ಲಿದೆ. ಹೊಸ ತೊಗರಿ ತಂದ ರೈತರಿಗೆಲ್ಲ ತೋರಿಸಿ, ತೆನೆಯ ಮೇಲೆ ಬೆರಳಿಟ್ಟು, ಅಜ್ಜಿಯ ಕತೆ ಹೇಳುತ್ತಾರೆ.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ನಾನು ಚಪ್ಪಲಿ ಮೆಟ್ಟಿದೆ. "ಅಪ್ಪನ ಕೆರಿ ತನಕ ಹೋಗಿ ಬರ್ತೀನ್ರಿ" ಅಂದೆ. ನಾನೂ ಬರಲೇನು ಅಂತ ಕೇಳಿದರು. ಬೇಡ ಅಂದೆ. ಗೇಟಿನ ತನಕ ಬಂದು ನಿಂತರು.

ಕಿರಾಣಿ ಅಂಗಡಿಯವರು ಶಟರ್ ಎಳೆಯುತ್ತಾ, "ಒಬ್ಬರೇ ಎಲ್ಲಿಗಿ ಹೊಂಟೀರಿ ಅಕ್ಕಾರ?" ಅಂದರು. ಆಟೋ ನಿಲ್ಲಿಸಿ ಒಬ್ಬ ಹುಡುಗ, "ಬಿಡಲೇನ್ರಿ, ಎಲ್ಲಿಗಿ?" ಅಂದ. ತಿರುವಿನಲ್ಲಿ ಪರಿಚಯದ ಹೆಂಗಸು, "ಈಟೊತ್ತಿನ್ಯಾಗ ಎಲ್ಲಿಗ್ರೀ?" ಅಂದಳು. ಮೂವರಿಗೂ ಸುಮ್ನೆ ನಡಿಲಿಕ್ಕ ಹೊಂಟೀನಿ ಅಂತ ಹೇಳಿ, ಕೆರೆಯ ಕಡೆ ನಡೆದೆ.