ಲಂಡನ್‌ನಲ್ಲಿ ಹಳೇ ಫುಟ್‌ಬಾಲ್ ಮೈದಾನಗಳನ್ನು ಹುಡುಕಿಕೊಂಡು

ಲಂಡನ್‌ಗೆ ಹೋಗುವ ನಮ್ಮವರಲ್ಲಿ ಫುಟ್‌ಬಾಲ್ ಹುಚ್ಚಿರುವವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಎಮಿರೇಟ್ಸ್‌ಗೋ ಸ್ಟ್ಯಾಮ್‌ಫರ್ಡ್ ಬ್ರಿಜ್‌ಗೋ ಟೂರ್ ಟಿಕೆಟ್ ತಗೊಂಡು, ಡ್ರೆಸ್ಸಿಂಗ್ ರೂಮಿನಲ್ಲಿ ಫೋಟೊ ತೆಗೆಸಿಕೊಂಡು, ಅಂಗಡಿಯಲ್ಲಿ ದುಬಾರಿ ಜೆರ್ಸಿ ಕೊಂಡು ಬರುವುದು. ಬೇಡ ಅನ್ನಲ್ಲ. ಆದರೆ ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಮುಂದೆ ಕೂತು ಇಂಗ್ಲಿಷ್ ಲೀಗ್ ನೋಡಿದ ನನ್ನಂಥವರಿಗೆ ಆ ಟೂರ್‌ಗಳಲ್ಲಿ ನೆನಪು ಮಾಡಿಕೊಳ್ಳೋಕೆ ಏನೂ ಇಲ್ಲ. ನಮ್ಮ ತಲೆಯಲ್ಲಿ ಕೂತಿರುವ ಹೆಸರುಗಳೇ ಬೇರೆ. ಆರ್ಸೆನಲ್ ಆಡುತ್ತಿದ್ದ ಹೈಬರಿ, ವೆಸ್ಟ್ ಹ್ಯಾಮ್‌ನ ಅಪ್ಟನ್ ಪಾರ್ಕ್, ಟಾಟನ್‌ಹ್ಯಾಮ್‌ನ ವೈಟ್ ಹಾರ್ಟ್ ಲೇನ್. ಮೂರೂ ಈಗ ಇಲ್ಲ. ಇಲ್ಲದ ಮೈದಾನಗಳನ್ನು ನೋಡೋಕೆ ಹೋಗುವವರಿಗೆ ದಾರಿ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅಲ್ಲೇ ಓದುತ್ತಿರುವ ತಂಗಿಯ ಮಗನನ್ನು ಜೊತೆಗೆ ಕರೆದೆ. "ಮಾವ, ಬಿಗ್ ಬೆನ್ ಬಿಟ್ಟು ಅಪಾರ್ಟ್‌ಮೆಂಟ್ ನೋಡೋಕೆ ಹೋಗೋಣ ಅಂತೀರಲ್ಲ!" ಅಂದ. ಆದರೂ ಬಂದ.

ಮೊದಲು ಒಂದು ಮಾತು. ಮೈದಾನ ಹೋದರೂ ಹೆಸರು ಸುತ್ತಮುತ್ತ ಎಲ್ಲೋ ಅಂಟಿಕೊಂಡಿರುತ್ತದೆ. ರೈಲ್ವೆ ಸ್ಟೇಷನ್‌ನಲ್ಲಿ, ಪಬ್ಬಿನ ಬೋರ್ಡಿನಲ್ಲಿ, ಮುದುಕರ ಬಾಯಲ್ಲಿ. ಮೆಜೆಸ್ಟಿಕ್ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾದರೂ ಬೆಂಗಳೂರಿನವರು ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಮೆಜೆಸ್ಟಿಕ್ ಅನ್ನೋದು ಬಿಟ್ಟಿಲ್ಲ, ಹಾಗೆ. ಅದಕ್ಕೇ ಮ್ಯಾಪಿನಲ್ಲಿ ಈಗಿನ ಸ್ಟೇಡಿಯಂ ಹುಡುಕಬೇಡಿ. ಹಳೇ ಹೆಸರನ್ನೇ ಹಿಡಿದುಕೊಂಡು ಹೊರಡಿ. ದಾರಿಯಲ್ಲಿ ಯಾರನ್ನಾದರೂ ಕೇಳುವಾಗಲೂ ಹಳೇ ಹೆಸರನ್ನೇ ಹೇಳಿ. ವಯಸ್ಸಾದವರಾದರೆ ನಿಂತು ಮಾತಾಡುತ್ತಾರೆ.

ಬೆಳಿಗ್ಗೆ ಹೈಬರಿಯಿಂದ ಶುರುಮಾಡಿ. ಪಿಕಡಿಲಿ ಲೈನಿನಲ್ಲಿ ಆರ್ಸೆನಲ್ ಸ್ಟೇಷನ್‌ನಲ್ಲಿ ಇಳಿಯಬೇಕು. ಇಳಿದ ತಕ್ಷಣ ಓಡಬೇಡಿ, ಪ್ಲಾಟ್‌ಫಾರ್ಮಿನ ಗೋಡೆ ನೋಡಿ. ಹಳೇ ಟೈಲ್ಸ್‌ನಲ್ಲಿ ದೊಡ್ಡ ಅಕ್ಷರಗಳಲ್ಲಿ 'ಗಿಲೆಸ್ಪಿ ರೋಡ್' ಅಂತ ಈಗಲೂ ಇದೆ. ಸ್ಟೇಷನ್ನಿನ ಮೂಲ ಹೆಸರು ಅದೇ. ಕ್ಲಬ್ಬಿನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಹಿಂದೆ ಬಿದ್ದು, 1932ರಲ್ಲಿ ಅದನ್ನು ಬದಲಾಯಿಸಿ ಆರ್ಸೆನಲ್ ಅಂತ ಇಡಿಸಿದರು. ಹಳೇ ಹೆಸರು ಕಿತ್ತು ಹೊಸದಿಡುವ ಕಾಟ ಈಗಿನದು ಮಾತ್ರ ಅಂದುಕೊಂಡವರಿಗೆ ಈ ಗೋಡೆ ಒಳ್ಳೆಯ ಉತ್ತರ. ಅವತ್ತೂ ಅಕ್ಕಪಕ್ಕದವರು ಯಾರೋ ಗೊಣಗಿರುತ್ತಾರೆ, ಅಲ್ವಾ?

ಈ ಸ್ಟೇಷನ್‌ನಲ್ಲಿ ಲಿಫ್ಟ್ ಇಲ್ಲ, ಎಸ್ಕಲೇಟರ್ ಕೂಡ ಇಲ್ಲ. ಹೊರಗೆ ಬರೋಕೆ ಉದ್ದನೆಯ ಏರು ದಾರಿ ಹತ್ತಬೇಕು. ಅದರ ಒಂದು ಬದಿಯಲ್ಲಿ ಕಂಬಿಬೇಲಿ ಹಾಕಿ ಬೇರೆ ಓಣಿ ಮಾಡಿದ್ದಾರೆ. ಮ್ಯಾಚ್ ದಿನ ಜನರನ್ನು ಬಿಡೋಕೆ ಅದು. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಫಿನ್ಸ್‌ಬರಿ ಪಾರ್ಕ್‌ನಲ್ಲಿ ಇಳಿಯಿರಿ. ಅಲ್ಲಿ ಲಿಫ್ಟ್ ಇದೆ, ಸ್ವಲ್ಪ ಜಾಸ್ತಿ ನಡೆಯಬೇಕು ಅಷ್ಟೇ. ಆರ್ಸೆನಲ್ ತವರಿನಲ್ಲಿ ಆಡುವ ದಿನ ಮಾತ್ರ ಈ ಕಡೆ ತಲೆ ಹಾಕಬೇಡಿ. ಅವರ ಹೊಸ ಸ್ಟೇಡಿಯಂ ಎಮಿರೇಟ್ಸ್ ಅಲ್ಲೇ ಹತ್ತಿರ, ಅರವತ್ತು ಸಾವಿರ ಜನ ಸೇರುವ ಜಾಗ.

ಸ್ಟೇಷನ್ನಿನಿಂದ ಏವನೆಲ್ ರೋಡ್ ಹತ್ತಿ ಹೋದರೆ ಎರಡು ನಿಮಿಷಕ್ಕೆ ಹೈಬರಿಯ ಈಸ್ಟ್ ಸ್ಟ್ಯಾಂಡ್ ಎದುರಾಗುತ್ತದೆ. ನಾನು ಸುಮ್ನೆ ಹಳೇ ಗೋಡೆ ಏನೋ ಇರಬಹುದು ಅಂದುಕೊಂಡಿದ್ದೆ. ಸಾಲುಮನೆಗಳ ಬೀದಿಯ ಮಧ್ಯೆ ಹಡಗಿನ ಮೂತಿಯ ಹಾಗೆ ಬಿಳಿ ಕಟ್ಟಡ ನಿಂತಿದೆ. ಮೇಲೆ ಕೆಂಪಕ್ಷರದಲ್ಲಿ 'ಆರ್ಸೆನಲ್ ಸ್ಟೇಡಿಯಂ'. ಕಟ್ಟಿದ್ದು 1936ರಲ್ಲಿ. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದಿದ್ದರಿಂದ ಕೆಡವೋಕೆ ಬಿಡಲಿಲ್ಲ. ಮುಖ ಹಾಗೇ ಉಳಿಸಿ ಒಳಗೆ ಫ್ಲಾಟ್ ಮಾಡಿದ್ದಾರೆ. ಬಾಗಿಲ ಪಕ್ಕ ಕಾಲಿಂಗ್ ಬೆಲ್‌ಗಳ ಸಾಲು. ಒಬ್ಬರು ಸೂಪರ್‌ಮಾರ್ಕೆಟ್ ಚೀಲ ಹಿಡಿದುಕೊಂಡು, ಕೆಂಪಕ್ಷರದ ಕಡೆ ತಲೆಯನ್ನೂ ಎತ್ತದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಅವರಿಗೆ ಅದು ಮನೆ.

ಹಳೇ ಪಿಚ್ ಇದ್ದ ಜಾಗ ಈಗ ಆ ಫ್ಲಾಟಿನವರ ತೋಟ. ನಾಲ್ಕೂ ಕಡೆ ಸ್ಟ್ಯಾಂಡ್ ಇದ್ದಲ್ಲಿ ಮನೆಗಳು, ನಡುವೆ ಹಸಿರು. ಗೇಟಿನ ಹತ್ತಿರ ನಿಂತು ನೋಡಿದರೂ ಅಳತೆ ಗೊತ್ತಾಗುತ್ತದೆ. ಟಿವಿಯಲ್ಲಿ ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಮೈದಾನ ಇಷ್ಟೇನಾ ಅನ್ನಿಸುತ್ತದೆ. 2006ರ ಮೇ 7ರಂದು ಇಲ್ಲಿ ಕೊನೆಯ ಮ್ಯಾಚ್ ನಡೆಯಿತು. ವಿಗನ್ ವಿರುದ್ಧ ಆರ್ಸೆನಲ್ 4-2ರಲ್ಲಿ ಗೆದ್ದಿತು. ತೆರ‍್ರಿ ಆನ್ರಿ ಮೂರು ಗೋಲು ಹೊಡೆದು, ಮಂಡಿಯೂರಿ ಹುಲ್ಲಿಗೆ ಮುತ್ತಿಟ್ಟರು. ಆ ಹುಲ್ಲು ಎಲ್ಲಿತ್ತು ಅಂತ ಅಂದಾಜು ಮಾಡುತ್ತಾ ನಾವಿಬ್ಬರೂ ಗೇಟಿನಲ್ಲಿ ವಾದ ಮಾಡಿದೆವು. ಗೇಟು ತೆರೆದಿದೆ ಅಂತ ಒಳಗೆ ನುಗ್ಗಬೇಡಿ. ಕಾವಲಿನವರಿದ್ದರೆ ಕೇಳಿ. ಬೇಡ ಅಂದರೆ ಹೊರಗಿನಿಂದಲೇ ನೋಡಿ ಬನ್ನಿ. ಕಿಟಕಿಗಳಿಗೆ ಕ್ಯಾಮೆರಾ ಹಿಡಿಯಬೇಡಿ. ಆಮೇಲೆ ಸುತ್ತಿಕೊಂಡು ಹೈಬರಿ ಹಿಲ್ ಬೀದಿಗೆ ಹೋಗಿ. ಅಲ್ಲಿ ಎರಡು ಮನೆಗಳ ನಡುವಿನ ಸಂದಿಯಲ್ಲಿ ವೆಸ್ಟ್ ಸ್ಟ್ಯಾಂಡಿನ ಬಾಗಿಲು ಇದೆ. ಗಮನಿಸದಿದ್ದರೆ ದಾಟಿ ಹೋಗಿಬಿಡುತ್ತೀರಿ.

ಆರ್ಸೆನಲ್‌ನ ಹೊಸ ಸ್ಟೇಡಿಯಂಗೆ ಎಮಿರೇಟ್ಸ್ ವಿಮಾನ ಕಂಪನಿಯ ಹೆಸರು ಇಡುವ ಒಪ್ಪಂದ 2004ರಲ್ಲೇ ಆಗಿತ್ತು, ಕಟ್ಟಿ ಮುಗಿಯುವ ಮುಂಚೆ. ತಮಾಷೆ ಅಂದರೆ ಚಾಂಪಿಯನ್ಸ್ ಲೀಗ್ ಮ್ಯಾಚ್‌ಗಳಿಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಆ ಹೆಸರು ಹೇಳುವುದಿಲ್ಲ. ಅವರ ಪ್ರಾಯೋಜಕರೇ ಬೇರೆ. ಅವರ ಪಟ್ಟಿಯಲ್ಲಿ ಅದು 'ಆರ್ಸೆನಲ್ ಸ್ಟೇಡಿಯಂ'. ಹೈಬರಿಯ ಗೋಡೆ ಮೇಲಿರುವ ಅದೇ ಎರಡು ಪದ.

ಟಾಟನ್‌ಹ್ಯಾಮ್ ಕಡೆ ಸಮಯ ಇದ್ದರೆ ಹೋಗಿ, ಇಲ್ಲದಿದ್ದರೆ ಬಿಡಿ. ವೈಟ್ ಹಾರ್ಟ್ ಲೇನ್ 2017ರಲ್ಲಿ ಮುಗಿಯಿತು, ಅದೇ ಜಾಗದ ಮೇಲೆ ಹೊಸದು 2019ರಲ್ಲಿ ತೆರೆಯಿತು. ಹಳೇದರ ಗುರುತು ಹುಡುಕುವವರಿಗೆ ಅಲ್ಲಿ ಜಾಸ್ತಿ ಏನೂ ಸಿಗಲ್ಲ. ಸ್ಟೇಷನ್ ಹೆಸರು ಮಾತ್ರ ಇನ್ನೂ ವೈಟ್ ಹಾರ್ಟ್ ಲೇನ್.

ಹೈಬರಿಯಿಂದ ಪೂರ್ವಕ್ಕೆ ಹೋಗೋಕೆ ಊರ ಮಧ್ಯಕ್ಕೆ ವಾಪಸ್ ಹೋಗುವ ಅಗತ್ಯ ಇಲ್ಲ. ಹೈಬರಿ ಫೀಲ್ಡ್ಸ್ ಪಾರ್ಕಿನ ಮೂಲಕ ಹೈಬರಿ ಅಂಡ್ ಇಸ್ಲಿಂಗ್ಟನ್ ಸ್ಟೇಷನ್‌ಗೆ ನಡೆಯಿರಿ. ಓವರ್‌ಗ್ರೌಂಡ್ ರೈಲಿನಲ್ಲಿ ವೈಟ್‌ಚಾಪೆಲ್, ಅಲ್ಲಿಂದ ಡಿಸ್ಟ್ರಿಕ್ಟ್ ಲೈನಿನಲ್ಲಿ ಅಪ್ಟನ್ ಪಾರ್ಕ್. ಬೇರೆ ಟಿಕೆಟ್ ಏನೂ ಬೇಡ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಟ್ಟಿದರೆ ಸಾಕು. ದಿನಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ, ಅದರ ಮೇಲೆ ಎಷ್ಟು ಓಡಾಡಿದರೂ ಹಣ ಕತ್ತರಿಸಲ್ಲ. ಆದರೆ ಇಡೀ ದಿನ ಒಂದೇ ಕಾರ್ಡ್ ಬಳಸಿ. ಬೆಳಿಗ್ಗೆ ಕಾರ್ಡ್, ಮಧ್ಯಾಹ್ನ ಫೋನ್ ಅಂತ ಮಾಡಿದರೆ ಎರಡನ್ನೂ ಬೇರೆ ಬೇರೆ ಲೆಕ್ಕ ಹಿಡಿಯುತ್ತಾರೆ.

ಅಪ್ಟನ್ ಪಾರ್ಕ್‌ನಲ್ಲಿ ಇಳಿದರೆ ಗ್ರೀನ್ ಸ್ಟ್ರೀಟ್. ಸೀರೆ ಅಂಗಡಿ, ಒಡವೆ ಅಂಗಡಿ, ತರಕಾರಿ ಮಾರುವ ಕ್ವೀನ್ಸ್ ಮಾರ್ಕೆಟ್. ಲಂಡನ್ ಅನ್ನೋದೇ ಮರೆತುಹೋಗುತ್ತದೆ. ಈ ಬೀದಿಯಲ್ಲೇ 1904ರಿಂದ 2016ರವರೆಗೆ ವೆಸ್ಟ್ ಹ್ಯಾಮ್ ಆಡಿತು. ಮೈದಾನಕ್ಕೆ ಎರಡು ಹೆಸರು. ಕಾಗದದಲ್ಲಿ ಬೊಲಿನ್ ಗ್ರೌಂಡ್, ಜನರ ಬಾಯಲ್ಲಿ ಅಪ್ಟನ್ ಪಾರ್ಕ್. ಪಕ್ಕದಲ್ಲಿದ್ದ ಹಳೇ ಬಂಗಲೆಯೊಂದಕ್ಕೆ ಎಂಟನೇ ಹೆನ್ರಿಯ ರಾಣಿ ಆ್ಯನ್ ಬೊಲಿನ್ ಹೆಸರು ಅಂಟಿಕೊಂಡು, ಅದರಿಂದ ಮೈದಾನಕ್ಕೆ ಬಂತು. ರಾಣಿ ಅಲ್ಲಿದ್ದಳು ಅನ್ನೋದು ಊರವರ ಕಥೆ.

ಈಗ ಅಲ್ಲಿರುವುದು ಇಟ್ಟಿಗೆ ಬಣ್ಣದ ಫ್ಲಾಟ್‌ಗಳು. ನಿಜ ಹೇಳಬೇಕೆಂದರೆ ಯಾವ ಊರಿನ ಫ್ಲಾಟ್ ಬೇಕಾದರೂ ಆಗಿರಬಹುದು. ಅಲ್ಲಿ ನಿಲ್ಲಬೇಡಿ, ಬೀದಿಯ ತುದಿಗೆ, ಬಾರ್ಕಿಂಗ್ ರೋಡ್ ಸೇರುವ ಮೂಲೆಗೆ ಹೋಗಿ. ಅಲ್ಲಿ ಕಂಚಿನ ವಿಗ್ರಹ ಇದೆ. 1966ರ ವಿಶ್ವಕಪ್ ಹಿಡಿದ ಬಾಬಿ ಮೂರ್, ಅವರನ್ನು ಹೊತ್ತ ಜೆಫ್ ಹರ್ಸ್ಟ್ ಮತ್ತು ರೇ ವಿಲ್ಸನ್, ಪಕ್ಕದಲ್ಲಿ ಮಾರ್ಟಿನ್ ಪೀಟರ್ಸ್. ವಿಲ್ಸನ್ ಬಿಟ್ಟರೆ ಉಳಿದ ಮೂವರೂ ವೆಸ್ಟ್ ಹ್ಯಾಮ್‌ನವರು. ಎದುರಿಗೆ ಬೊಲಿನ್ ಟ್ಯಾವರ್ನ್ ಪಬ್. ಕುಡಿಯದವರೂ ಒಳಗೆ ಹೋಗಬಹುದು, ಒಂದು ಕೋಕ್ ತಗೊಂಡು ಕೂತರೆ ಯಾರೂ ಏನೂ ಅನ್ನಲ್ಲ. ಇನ್ನೊಂದು ಅನುಕೂಲ: ಈ ತರಹದ ವಸತಿ ಬಡಾವಣೆಗಳಲ್ಲಿ ಶೌಚಾಲಯ ಸಿಗುವುದೇ ಕಷ್ಟ, ಪಬ್ಬೇ ಗತಿ. ಅಲ್ಲಿ ನಮ್ಮ ಪಕ್ಕದ ಮೇಜಿನ ಹಿರಿಯರೊಬ್ಬರು, ತವರಿನ ಮ್ಯಾಚ್ ಇದ್ದ ದಿನ ಈಗಲೂ ಮೊದಲು ಇಲ್ಲಿಗೇ ಬಂದು, ಆಮೇಲೆ ಸ್ಟ್ರಾಟ್‌ಫರ್ಡ್‌ಗೆ ಹೋಗುವುದು ಅಂದರು. ಅಲ್ಲಿನ ಹೊಸ ಸ್ಟೇಡಿಯಂ 2012ರ ಒಲಿಂಪಿಕ್ಸ್‌ಗೆ ಕಟ್ಟಿದ್ದು. ಪಿಚ್ ದೂರ. "ಇಲ್ಲಿ ಕೈ ಚಾಚಿದರೆ ಥ್ರೋ ಹಾಕುವವನ ಅಂಗಿ ಸಿಗುತ್ತಿತ್ತು" ಅಂತ ಕೈ ಚಾಚಿಯೇ ತೋರಿಸಿದರು.

ಊಟಕ್ಕೆ ಒಂದು ಸ್ಟೇಷನ್ ಮುಂದೆ ಈಸ್ಟ್ ಹ್ಯಾಮ್‌ಗೆ ಹೋಗಿ. ಹೈ ಸ್ಟ್ರೀಟ್ ನಾರ್ತ್ ತುಂಬ ನಮ್ಮ ಕಡೆಯ ಹೋಟೆಲ್‌ಗಳು. ದೋಸೆ ಚೆನ್ನಾಗಿರುತ್ತದೆ. ಸಾಂಬಾರ್ ತಮಿಳು ರುಚಿ, ಬೆಲ್ಲ ಹುಡುಕಬೇಡಿ.

ಇಲ್ಲಿಂದ ಇನ್ನೂ ಸ್ವಲ್ಪ ಆಚೆ ಇಲ್ಫರ್ಡ್. ನೋಡೋಕೆ ಅಂತ ಹೋಗುವಂಥದ್ದು ಏನೂ ಇಲ್ಲ. ಆದರೆ ಕನ್ನಡನಾಡಿನವರಿಗೆ ಈ ಊರಿನ ಹೆಸರು ಗೊತ್ತಿರಬೇಕು. 1948ರ ಜುಲೈ 31ರಂದು ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ಮ್ಯಾಚ್ ಆಡಿದ್ದು ಇಲ್ಲಿ, ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಎರಡು ಪೆನಾಲ್ಟಿ ಕೈ ತಪ್ಪಿ, 2-1ರಲ್ಲಿ ಸೋತರು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಆ ಒಲಿಂಪಿಕ್ಸ್‌ನ ಬೇರೆ ಮ್ಯಾಚ್‌ಗಳು ಹೈಬರಿ, ವೈಟ್ ಹಾರ್ಟ್ ಲೇನ್, ಕ್ರೇವನ್ ಕಾಟೇಜ್‌ಗಳಲ್ಲಿ ನಡೆದಿದ್ದವು. ನನ್ನ ಸೋದರಳಿಯನಿಗೆ ಈ ಕಥೆ ಗೊತ್ತೇ ಇರಲಿಲ್ಲ. ದೋಸೆ ತಣ್ಣಗಾಗುವವರೆಗೂ ಕೇಳಿದ.

ಕ್ರೇವನ್ ಕಾಟೇಜನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಊರಿನ ಆ ತುದಿ ಅದು. ಪಟ್ನಿ ಬ್ರಿಜ್ ಸ್ಟೇಷನ್‌ನಲ್ಲಿ ಇಳಿದು ಥೇಮ್ಸ್ ಪಕ್ಕದ ಬಿಷಪ್ಸ್ ಪಾರ್ಕಿನಲ್ಲಿ ಹದಿನೈದು ನಿಮಿಷ ನಡೆದರೆ ಫುಲಮ್ ತಂಡದ ಮೈದಾನ. 1896ರಿಂದ ಇಲ್ಲೇ ಇದೆ, ಹೆಸರೂ ಅದೇ. ಒಂದು ಮೂಲೆಯಲ್ಲಿ ನಿಜವಾಗಿಯೂ ಕಾಟೇಜ್ ಇದೆ, 1905ರದ್ದು. ಆಟಗಾರರು ಅದರಿಂದಲೇ ಮೈದಾನಕ್ಕೆ ಇಳಿಯುತ್ತಾರೆ. ಸ್ಟೀವನೇಜ್ ರೋಡ್ ಕಡೆಯ ಇಟ್ಟಿಗೆ ಸ್ಟ್ಯಾಂಡ್ ಕೂಡ ಅದೇ ವರ್ಷದ್ದು, ಅದರಲ್ಲಿ ಮರದ ಸೀಟುಗಳು ಇನ್ನೂ ಇವೆ. ನಾನು ಹೇಳುತ್ತಿರುವ ಜಾಗಗಳಲ್ಲಿ ಟೂರ್ ಟಿಕೆಟ್‌ಗೆ ದುಡ್ಡು ಕೊಡಬೇಕಾದ್ದು ಇದೊಂದಕ್ಕೇ. ಹಳೇ ಮಾಲೀಕರು ಇಲ್ಲಿ ಮೈಕಲ್ ಜಾಕ್ಸನ್ ವಿಗ್ರಹ ಒಂದನ್ನು ನಿಲ್ಲಿಸಿದ್ದರು. 2013ರಲ್ಲಿ ತೆಗೆದರು, ಪುಣ್ಯ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ನಿಂತು ನೋಡುವ ಕಟ್ಟೆಗಳ ಮೇಲಿನ ನೂಕುನುಗ್ಗಲಿನಿಂದ 97 ಜನ ಸತ್ತರು. ಆಮೇಲೆ ದೊಡ್ಡ ಕ್ಲಬ್‌ಗಳೆಲ್ಲ ಪೂರ್ತಿ ಸೀಟು ಹಾಕಬೇಕಾಯಿತು. ಮನೆಗಳ ನಡುವೆ ಸಿಕ್ಕಿಕೊಂಡಿದ್ದ ಮೈದಾನಗಳಿಗೆ ಬೆಳೆಯೋಕೆ ಜಾಗ ಇರಲಿಲ್ಲ. ಜಾಗ ಬಿಟ್ಟಿದ್ದಕ್ಕೆ ಕಾರಣ ಇದೆ. ಹೆಸರು ಮಾರಿದ್ದಕ್ಕೆ ದುಡ್ಡು ಬಿಟ್ಟರೆ ಇನ್ಯಾವ ಕಾರಣ? ನ್ಯೂಕಾಸಲ್‌ನಲ್ಲಿ 2011ರಲ್ಲಿ ಸೇಂಟ್ ಜೇಮ್ಸ್ ಪಾರ್ಕಿನ ಹೆಸರು ತೆಗೆದು ಅಂಗಡಿಯ ಹೆಸರಿಟ್ಟರು. ಜನ ಒಪ್ಪಲಿಲ್ಲ. ಮರುವರ್ಷ ಹಳೇ ಹೆಸರು ವಾಪಸ್ ಬಂತು.

ಕೊನೆಗೆ ಪ್ಲೌ ಲೇನ್. ಸಮಯ ಕಡಿಮೆ ಇದ್ದರೆ ಉಳಿದದ್ದನ್ನು ಬಿಟ್ಟು ಹೈಬರಿ ಮತ್ತು ಇದು, ಎರಡೇ ನೋಡಿ. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್ಎ ಕಪ್ ಗೆದ್ದ ವಿಂಬಲ್ಡನ್ ತಂಡ 1991ರಲ್ಲಿ ಈ ಮೈದಾನ ಬಿಟ್ಟಿತು. ಆಮೇಲೆ ಕ್ಲಬ್ಬನ್ನೇ ದೂರದ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋದರು. ಇಲ್ಲಿನ ಅಭಿಮಾನಿಗಳು 2002ರಲ್ಲಿ ತಮ್ಮದೇ ಕ್ಲಬ್ ಕಟ್ಟಿ, ಕೆಳಗಿನ ಲೀಗುಗಳಿಂದ ಹತ್ತಿ ಬಂದು, 2020ರಲ್ಲಿ ಅದೇ ರಸ್ತೆಗೆ ವಾಪಸಾದರು. ಹೊಸ ಮೈದಾನ ಹಳೇದರಿಂದ ಕೂಗಳತೆಯ ದೂರದಲ್ಲಿದೆ. ಪ್ರಾಯೋಜಕರ ಹೆಸರು ಇದಕ್ಕೂ ಇದೆ, ಆದರೆ ಟಿಕೆಟ್ ಕೌಂಟರಿನಲ್ಲೂ ಪ್ಲೌ ಲೇನ್ ಅಂದರೆ ಸಾಕು.

ಹತ್ತಿರದ ಸ್ಟೇಷನ್ ಹೇಡನ್ಸ್ ರೋಡ್. ಟ್ಯೂಬಿನಲ್ಲೇ, ಅಂದರೆ ಲಂಡನ್ನಿನ ಸುರಂಗ ರೈಲಿನಲ್ಲೇ, ಬರುವುದಾದರೆ ಟೂಟಿಂಗ್ ಬ್ರಾಡ್‌ವೇಯಲ್ಲಿ ಇಳಿದು ನಡೆಯಿರಿ, ಆ ಕಡೆಯೂ ಒಳ್ಳೆ ದೋಸೆ ಸಿಗುತ್ತದೆ. ಪ್ರೀಮಿಯರ್ ಲೀಗ್ ಟಿಕೆಟ್‌ಗೆ ಕ್ಲಬ್ ಸದಸ್ಯತ್ವ, ಲಾಟರಿ ಅಂತ ಒದ್ದಾಡುವ ಬದಲು ಇಲ್ಲಿ ಒಂದು ಶನಿವಾರದ ಮ್ಯಾಚ್ ನೋಡಿ. ಕ್ಲಬ್ಬಿನ ವೆಬ್‌ಸೈಟಿನಲ್ಲೇ ಕೊಳ್ಳಿ, ಬೀದಿಯಲ್ಲಿ ಮಾರುವವರ ಹತ್ತಿರ ಬೇಡ. ಮಾರ್ಚ್ ಆದರೂ ಟೋಪಿ, ಕೈಗವಸು ಒಯ್ಯಿರಿ. ಸಂಜೆ ನಾಲ್ಕರ ಮೇಲೆ ಸ್ಟ್ಯಾಂಡಿನಲ್ಲಿ ಕೂತರೆ ಚಳಿ ಬೆನ್ನಿಗೆ ಇಳಿಯುತ್ತದೆ.